ಮರಳಿನಲ್ಲಿ ಹೂತ ಚಕ್ರ

ಪ್ರೀತಿಯ ಮೇಷ್ಟ್ರೇ,

ನಿಮ್ಮ ಹೈಸ್ಕೂಲಿನ ಮಕ್ಕಳಿಗೆ ರೋಬಾಟು, ಬಾಹ್ಯಾಕಾಶ ಎರಡೂ ಸೇರಿದ ಕಾರ್ಯಾಗಾರ ನಡೆಸಬೇಕೆಂದು ಬರೆದಿದ್ದೀರಿ, ಓದಿ ಬಹಳ ಸಂತೋಷವಾಯಿತು. ಹೋದ ವರ್ಷ ನಮ್ಮೂರ ಶಾಲೆಯಲ್ಲಿ ಅಂಥದ್ದಕ್ಕೆ ನಾನೂ ಕೈಜೋಡಿಸಿದ್ದೆ. ಅಲ್ಲಿ ಕಂಡದ್ದನ್ನೇ ಬರೆಯುತ್ತೇನೆ. ಉದ್ಘಾಟನೆ, ಪ್ರಮಾಣಪತ್ರದ ಮಾತು ಆಮೇಲಾದರೂ ಆದೀತು.

ಎಲ್ಲಕ್ಕಿಂತ ಮೊದಲು, ಸ್ಕ್ರೂಡ್ರೈವರ್ ಮಕ್ಕಳ ಕೈಯಲ್ಲಿರಲಿ. ಸಿದ್ಧವಾದ ರೋಬಾಟನ್ನು ಮೇಜಿನ ಮೇಲೆ ಓಡಿಸಿ ತೋರಿಸಿದರೆ ಚಪ್ಪಾಳೆ ಬೀಳುತ್ತದೆ, ಅಷ್ಟೇ. ನಾವು ಐದೈದು ಮಕ್ಕಳಿಗೆ ಒಂದು ಕಿಟ್ ಕೊಟ್ಟೆವು: ಹಳದಿ ಗೇರ್ ಮೋಟಾರುಗಳು, ಆರ್ಡುಯಿನೊ ಬೋರ್ಡು, ಮೋಟಾರ್ ಡ್ರೈವರ್, ಬ್ಯಾಟರಿ, ನಾಲ್ಕು ಚಕ್ರ, ಒಂದಿಷ್ಟು ವೈರು. ಒಂದು ತಂಡದ ಗಾಡಿ ಸ್ವಿಚ್ ಹಾಕಿದ್ದೇ ತಡ, ನಿಂತಲ್ಲೇ ಗಿರಗಿರ ಸುತ್ತತೊಡಗಿತು. ಕಲಿಸಲು ಬಂದಿದ್ದ ಕಾಲೇಜು ಹುಡುಗ ಸರಿಮಾಡಲು ಬಗ್ಗಿದ, ಬೇಡವೆಂದು ತಡೆದೆವು. ಎಂಟನೇ ತರಗತಿಯ ಹುಡುಗಿಯೊಬ್ಬಳು ಗಾಡಿಯನ್ನು ಬೋರಲು ಹಾಕಿ, ಒಂದೊಂದೇ ಚಕ್ರ ಯಾವ ಕಡೆ ತಿರುಗುತ್ತದೆ ಎಂದು ಚಾಕ್‌ಪೀಸಿನಿಂದ ಬಾಣ ಬರೆದುಕೊಂಡಳು. ಎಡಗಡೆಯ ಎರಡೂ ಹಿಂದಕ್ಕೆ ತಿರುಗುತ್ತಿದ್ದವು. ಆ ಮೋಟಾರುಗಳ ಕೆಂಪು, ಕಪ್ಪು ವೈರುಗಳನ್ನು ಅದಲುಬದಲು ಮಾಡಿದಳು, ಗಾಡಿ ನೆಟ್ಟಗೆ ಹೊರಟಿತು. ನಾವು ಹೇಳಿಕೊಟ್ಟಿದ್ದರೆ ಆ ಬಾಣ ಬರೆಯುವ ಯೋಚನೆ ಅವಳಿಗೆ ಹೊಳೆಯುತ್ತಲೇ ಇರಲಿಲ್ಲ. (ತಂಡದಲ್ಲಿ ಕಿಟ್ ಗಟ್ಟಿಯಾಗಿ ಹಿಡಿದುಕೊಳ್ಳುವವರು ಸಾಮಾನ್ಯವಾಗಿ ಹುಡುಗರೇ. ಗಂಟೆಗೊಮ್ಮೆ ಕೆಲಸ ಬದಲಾಯಿಸಿ, ಮೇಷ್ಟ್ರೇ. ಇದು ಸಣ್ಣ ವಿಷಯವಲ್ಲ.)

ಗಾಡಿ ಸಿಮೆಂಟು ನೆಲದ ಮೇಲೆ ಓಡಿದರೆ ಅರ್ಧ ಕೆಲಸವಾಯಿತು. ಜಗಲಿಯಲ್ಲಿ ಟಾರ್ಪಾಲು ಹಾಸಿ, ಎಂ-ಸ್ಯಾಂಡ್ ಜರಡಿ ಹಿಡಿದು ನುಣ್ಣಗಿನದನ್ನು ಹರಡಿ, ಗುಂಡಿ ತೋಡಿ, ಜಲ್ಲಿಕಲ್ಲು ಇಟ್ಟೆವು. ಗಾಡಿ ನಡೆಸುವವರು ಕೂತದ್ದು ತರಗತಿಯೊಳಗೆ, ಬಾಗಿಲು ಹಾಕಿಕೊಂಡು. ಗಾಡಿಯ ನೆತ್ತಿಗೆ ಕಟ್ಟಿದ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಒಳಗೆ ಹೋಗುತ್ತದೆ. ಅದನ್ನು ನೋಡಿ ಅವರು ಚೀಟಿ ಬರೆಯಬೇಕು: ಮುಂದೆ ಎರಡಡಿ, ಬಲಕ್ಕೆ ತಿರುಗು, ಮತ್ತೆ ಒಂದಡಿ. ಹೊರಗಿನವರು ಚೀಟಿಯಲ್ಲಿ ಇದ್ದಷ್ಟನ್ನೇ ಮಾಡಬೇಕು. ಗಾಡಿ ಗುಂಡಿಗೆ ಬೀಳುವುದು ಕಣ್ಣಿಗೆ ಕಂಡರೂ ತುಟಿಪಿಟಿಕ್ಕೆನ್ನುವಂತಿಲ್ಲ.

ಇದನ್ನು ಮಾಡಿಸಿದ ಮೇಲೆಯೇ ಪ್ರಜ್ಞಾನ್ ರೋವರಿನ ಕಥೆ ಹೇಳಿ, ಮೊದಲೇ ಹೇಳಬೇಡಿ. 2023ರ ಆಗಸ್ಟ್ 23ರಂದು ಅದನ್ನು ಹೊತ್ತ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದನ್ನು ಮಕ್ಕಳೆಲ್ಲ ಟಿವಿಯಲ್ಲಿ ನೋಡಿದ್ದಾರೆ. ಆದರೆ 26 ಕಿಲೋ ತೂಕದ ಆ ರೋವರ್ ಹೇಗೆ ನಡೆಯಿತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅದರ ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ಅದು ತೆಗೆದ ಚಿತ್ರಗಳು ವಿಕ್ರಮ್ ಮೂಲಕ ಭೂಮಿಗೆ ಬರಬೇಕು, ಇಲ್ಲಿ ನೆಲದ ಉಬ್ಬುತಗ್ಗುಗಳ ನಕ್ಷೆಯಾಗಬೇಕು, ಆಮೇಲೆ ಹಾದಿ ಗೊತ್ತುಮಾಡಿ ಆದೇಶ ಕಳಿಸಬೇಕು. ಹಾಗೆ ಒಂದು ಸಲಕ್ಕೆ ಹೆಚ್ಚೆಂದರೆ 5 ಮೀಟರ್. ಆಗಸ್ಟ್ 27ರಂದು 3 ಮೀಟರ್ ಮುಂದೆಯೇ 4 ಮೀಟರ್ ಅಗಲದ ಗುಂಡಿ ಕಂಡಿತು, ಬಂದ ದಾರಿಯಲ್ಲೇ ಹಿಂತಿರುಗುವಂತೆ ಅದಕ್ಕೆ ಹೇಳಿದರು. ನಮ್ಮ ಮಕ್ಕಳು ಇದನ್ನು ಕೇಳಿದ್ದು ಆಗಷ್ಟೇ ಚೀಟಿ ಬರೆದು ಕೈಸೋತಿದ್ದಾಗ. ಆ 4 ಮೀಟರ್ ಅವರಿಗೆ ಬರಿಯ ಅಂಕಿಯಾಗಿರಲಿಲ್ಲ. ಎದ್ದು ಹೋಗಿ ನೆಲದ ಮೇಲೆ ಟೇಪು ಹಿಡಿದು ಅಳೆದರು.

ಅಡ್ಡ ಬಂದದ್ದನ್ನು ಗುರುತಿಸಲು ಅಲ್ಟ್ರಾಸಾನಿಕ್ ಸೆನ್ಸರ್ ಜೋಡಿಸುವಾಗ ಇನ್ನೊಂದು ಸೊಗಸು ನಡೆಯಿತು. ಬಾವಲಿಯ ಹಾಗೆ ಅದು ನಮ್ಮ ಕಿವಿಗೆ ಕೇಳದ ಸದ್ದು ಹೊರಡಿಸಿ, ಪ್ರತಿಧ್ವನಿ ಮರಳಲು ಹಿಡಿದ ಹೊತ್ತಿನಿಂದ ದೂರ ಲೆಕ್ಕಹಾಕುತ್ತದೆ. ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: "ಸಾರ್, ಚಂದ್ರನ ಮೇಲೆ ಗಾಳೀನೇ ಇಲ್ವಲ್ಲ, ಇದು ಅಲ್ಲಿ ಹೆಂಗೆ ಕೆಲ್ಸ ಮಾಡುತ್ತೆ?" ಮಾಡುವುದಿಲ್ಲ. ಪ್ರಜ್ಞಾನ್ ದಾರಿ ನೋಡಿದ್ದು ಎರಡು ಕ್ಯಾಮೆರಾಗಳಿಂದ. ಆ ಪ್ರಶ್ನೆ ಹುಟ್ಟಿದ್ದಕ್ಕೇ ಇಡೀ ಕಾರ್ಯಾಗಾರದ ಖರ್ಚು ಸಾರ್ಥಕ ಎನ್ನುತ್ತೇನೆ ನಾನು.

ಮರಳಿನಲ್ಲಿ ಚಕ್ರ ಹೂತೇ ಹೂಳುತ್ತದೆ. ಒಂದು ಮೋಟಾರು ಕೆಟ್ಟೇ ಕೆಡುತ್ತದೆ, ಮಕ್ಕಳ ಮುಖ ಬಾಡುತ್ತದೆ. ಆಗ ಸ್ಪಿರಿಟ್ ರೋವರನ್ನು ನೆನಪಿಸಿ. 2004ರಲ್ಲಿ ಮಂಗಳಕ್ಕಿಳಿದ ನಾಸಾದ ಈ ರೋವರಿನ ಬಲ ಮುಂಚಕ್ರ 2006ರಲ್ಲಿ ನಿಂತೇಹೋಯಿತು. ಎಂಜಿನಿಯರುಗಳು ಅದನ್ನು ಹಿಮ್ಮುಖವಾಗಿ, ಕೆಟ್ಟ ಚಕ್ರವನ್ನು ಎಳೆಸುತ್ತಲೇ ನಡೆಸಿದರು. ಆ ಚಕ್ರ ಗೀರಿದ ಸಾಲಿನಲ್ಲಿ 2007ರಲ್ಲಿ ಬೆಳ್ಳಗಿನ ಮಣ್ಣು ಎದ್ದಿತು, ಪರೀಕ್ಷಿಸಿದರೆ ಬಹುಪಾಲು ಸಿಲಿಕಾ. ಒಂದು ಕಾಲಕ್ಕೆ ಅಲ್ಲಿ ಬಿಸಿನೀರು ಅಥವಾ ಬಿಸಿ ಹಬೆ ಇತ್ತೆಂಬುದಕ್ಕೆ ಅದು ಬಲವಾದ ಸುಳಿವು. ಕೊನೆಗೆ 2009ರಲ್ಲಿ ಅದೇ ರೋವರ್ ಮೆದು ಮಣ್ಣಿನಲ್ಲಿ ಹೂತು ಮೇಲೇಳಲೇ ಇಲ್ಲ. ಅದನ್ನೂ ಮುಚ್ಚಿಡದೆ ಹೇಳಿ.

ಹಾಗಾಗಿ ಒಂದೇ ದಿನದಲ್ಲಿ ಮುಗಿಸುವ ಯೋಜನೆ ಬೇಡ. ಮೊದಲ ದಿನ ಜೋಡಣೆ, ಎರಡನೇ ದಿನ ಪೂರ್ತಿ ಮರಳಿಗೇ ಮೀಸಲು. ಬಹುಮಾನ ಇಡುವುದಾದರೆ ಬೇಗ ಮುಟ್ಟಿದ ಗಾಡಿಗೆ ಇಡಬೇಡಿ, ಏನು ಕೆಟ್ಟಿತು, ಹೇಗೆ ಸರಿಯಾಯಿತು ಎಂದು ಚೆನ್ನಾಗಿ ಬರೆದಿಟ್ಟ ತಂಡಕ್ಕೆ ಕೊಡಿ. ಮೋಟಾರು, ವೈರುಗಳನ್ನು ಬೇಕಾದ್ದಕ್ಕಿಂತ ನಾಲ್ಕಾರು ಜಾಸ್ತಿ ತರಿಸಿ. ಮಳೆ ಶುರುವಾಗುವ ಮುಂಚೆ ಇಟ್ಟುಕೊಂಡರೆ ಮರಳು ಒಣಗಿರುತ್ತದೆ. ದಿನ ಗೊತ್ತಾದ ಕೂಡಲೇ ತಿಳಿಸಿ, ಟಾರ್ಪಾಲು ಮತ್ತು ಜರಡಿ ಹಿಡಿದುಕೊಂಡು ಹಿಂದಿನ ಸಂಜೆಯೇ ಬಂದುಬಿಡುತ್ತೇನೆ.

ಇಂತಿ ನಿಮ್ಮ
ಗೆಳೆಯ