ಕಡ್ಡಿಯ ಮೇಲಿರುವ ಸ್ವೆಟರು

ಸ್ವೆಟರ್ ಹೆಣೆಯುತ್ತ ಕೂತವರನ್ನು ಕಂಡರೆ ಜನ ಕೇಳುವುದು ಎರಡೇ ಪ್ರಶ್ನೆ. ‘ಇದಕ್ಕೆ ಎಷ್ಟು ದಿನ ಬೇಕು?’ ಎಂಬುದು ಮೊದಲನೆಯದು. ‘ಅಂಗಡಿಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುವುದಿಲ್ಲವೆ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ನನ್ನ ಬಳಿ ನಿಖರವಾದ ಉತ್ತರವಿಲ್ಲ. ಮನೆಗೆ ಬರುವ ನೆಂಟರು, ಒಲೆಯ ಮೇಲಿನ ಹಾಲು, ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು ಇವೆಲ್ಲದರ ಮೇಲೆ ಅದು ನಿಂತಿದೆ. ಎರಡನೆಯದಕ್ಕೆ ಉತ್ತರ ಬಲು ಸುಲಭ: ಖಂಡಿತ ಸಿಗುತ್ತದೆ. ಚಳಿಗಾಲ ಬಂತೆಂದರೆ ಬೈಲಕುಪ್ಪೆ, ಮುಂಡಗೋಡುಗಳ ಕಡೆಯಿಂದ ಬಂದ ಟಿಬೆಟನ್ನರು ಪೇಟೆಬೀದಿಗಳಲ್ಲಿ ಬಣ್ಣಬಣ್ಣದ ಸ್ವೆಟರುಗಳನ್ನು ರಾಶಿ ಹಾಕಿಕೊಂಡು ಕೂರುತ್ತಾರೆ. ಅವುಗಳಲ್ಲಿ ಬಹುಪಾಲು ಲುಧಿಯಾನದ ಯಂತ್ರಗಳಲ್ಲಿ ತಯಾರಾದವು. ನಾನು ಬರೀ ಉಲ್ಲನ್ನಿಗೆ ಕೊಡುವ ದುಡ್ಡಿಗೆ ಅಲ್ಲಿ ಸಿದ್ಧ ಸ್ವೆಟರೇ ಬರುತ್ತದೆ. ಚೌಕಾಸಿ ಬಲ್ಲವರಾದರೆ ಜತೆಗೊಂದು ಟೋಪಿಯೂ.

ಇದೇನು ಇಂದು ನಿನ್ನೆಯ ಮಾತಲ್ಲ. ವಿಲಿಯಂ ಲೀ ಎಂಬ ಇಂಗ್ಲೆಂಡಿನ ಪಾದ್ರಿಯೊಬ್ಬ ೧೫೮೯ರಲ್ಲೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ರಾಣಿ ಒಂದನೇ ಎಲಿಜಬೆತ್ ಅವನಿಗೆ ಹಕ್ಕುಪತ್ರ ಕೊಡಲಿಲ್ಲವಂತೆ; ಕೈಹೆಣಿಗೆಯಿಂದ ಹೊಟ್ಟೆ ಹೊರೆಯುವ ಬಡವರು ಬೀದಿಪಾಲಾದಾರೆಂಬ ಅಂಜಿಕೆ ಆಕೆಯದು ಎಂದು ಹೇಳುತ್ತಾರೆ. ಅಲ್ಲಿಗೆ ಉಳಿತಾಯದ ಲೆಕ್ಕ ನಾಲ್ಕು ಶತಮಾನದ ಹಿಂದೆಯೇ ಮುಗಿಯಿತು. ನನ್ನಂಥವರು ಹೆಣೆಯುವುದು ಹುಚ್ಚಿಗೆ.

ಸದ್ಯಕ್ಕೆ ಈ ಹುಚ್ಚು ಮೂರು ಜತೆ ಕಡ್ಡಿಗಳ ಮೇಲೆ ಹರಡಿಕೊಂಡಿದೆ. ಎಲ್ಲಕ್ಕಿಂತ ಚಿಕ್ಕದು ಒಂದು ಕುಲಾವಿ. ನಾದಿನಿಯ ಮಗಳಿಗೆ ಶ್ರಾವಣದಲ್ಲಿ ದಿನ ತುಂಬುತ್ತದೆ. ಗಂಡೋ ಹೆಣ್ಣೋ ಎಂಬ ಚರ್ಚೆಗೆ ಎಡೆಯಿರಬಾರದೆಂದು ಹಳದಿ ಬಣ್ಣ ಆರಿಸಿಕೊಂಡಿದ್ದೇನೆ. ಹೊಸದಾಗಿ ಕಲಿಯುವವರು ಕುಲಾವಿಯಿಂದಲೇ ಶುರು ಮಾಡುವುದು ಮೇಲು. ಎರಡು ಸಂಜೆಗೆ ಮುಗಿಯುತ್ತದೆ. ಹೆಚ್ಚುಕಡಿಮೆಯಾದರೂ ತೊಡುವವರು ತಕರಾರು ತೆಗೆಯುವುದಿಲ್ಲ. ಎರಡನೆಯದು ಮಾವನವರ ಮಫ್ಲರು. ಕಂದು ಬಣ್ಣ, ಹೋದ ಸಲದ್ದೇ ಅಳತೆ, ಹೋದ ಸಲದ್ದೇ ಅಂಚು. ಮಗ್ಗಿ ಒಪ್ಪಿಸುವ ಹಾಗೆ ಕೈ ತಾನೇ ಓಡುತ್ತದೆ. ಅದರ ಬಗ್ಗೆ ಹೇಳಲು ಬೇರೇನೂ ಇಲ್ಲ.

ಮೂರನೆಯದಕ್ಕೆ ಬರುವ ಮುನ್ನ ಶಾಲೆಯ ವಿಷಯ ಒಂದಿಷ್ಟು. ಚಿಕ್ಕಮಗಳೂರಿನಲ್ಲಿ ನಾನು ಪಾಠ ಹೇಳುವುದು ಗಣಿತ. ಈ ವರ್ಷ ಹೈಸ್ಕೂಲು ಮಕ್ಕಳ ಕೈಗೆ ಕ್ರೋಶಾ ಕಡ್ಡಿ ಕೊಟ್ಟಿದ್ದೇನೆ. ಇದು ನನ್ನ ಬುದ್ಧಿಯಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ತೈಮಿನ್ಯಾ ೧೯೯೭ರಲ್ಲಿ ತೋರಿಸಿಕೊಟ್ಟ ದಾರಿ. ಪ್ರತಿ ಸಾಲಿನಲ್ಲೂ ಇಷ್ಟು ಹೊಲಿಗೆಗೊಂದು ಹೊಲಿಗೆ ಹೆಚ್ಚಿಗೆ ಎಂಬ ಒಂದೇ ನಿಯಮ. ಅಂಚು ಬೆಳೆಯುತ್ತ ಬೆಳೆಯುತ್ತ ಚಪ್ಪಟೆಯಾಗಿ ಮಲಗಲು ಜಾಗ ಸಾಲದೆ ಕೋಳಿಜುಟ್ಟಿನ ಹೂವಿನಂತೆ ಸುರುಳಿ ಸುರುಳಿಯಾಗಿ ಏಳುತ್ತದೆ. ಒಂದು ರೇಖೆಗೆ ಅದರ ಹೊರಗಿನ ಬಿಂದುವಿನಿಂದ ಒಂದೇ ಒಂದು ಸಮಾಂತರ ರೇಖೆ ಎಂದು ಪುಸ್ತಕದಲ್ಲಿ ಓದುತ್ತೇವಲ್ಲ, ಈ ಸುರುಳಿಯ ಮೇಲೆ ಆ ಮಾತು ನಡೆಯುವುದಿಲ್ಲ. ಇಲ್ಲಿ ಮಡಿಕೆ ಹಾಕಿದರೆ ಅದೇ ಸರಳರೇಖೆ. ಒಂದೇ ಬಿಂದುವಿನಿಂದ ಎಷ್ಟು ಮಡಿಕೆ ಹಾಕಿದರೂ ಮೊದಲಿನ ರೇಖೆಯನ್ನು ಮುಟ್ಟದವು ಬೇಕಾದಷ್ಟು ಸಿಗುತ್ತವೆ. ಮೊದಲು ಇದನ್ನು ಕಂಡುಕೊಂಡವರು ಹಿಂದಿನ ಬೆಂಚಿನ ಇಬ್ಬರು ಹುಡುಗರು. ‘ಹಾಗಾದರೆ ಪುಸ್ತಕದ್ದು ತಪ್ಪಾ ಮಿಸ್?’ ಎಂದು ಕೇಳಿದರು. ತಪ್ಪಲ್ಲ, ಅದು ಚಪ್ಪಟೆ ಕಾಗದದ ಮೇಲಿನ ಮಾತು ಎಂದೆ. ಮೊಬೈಲು ಬಿಡಿಸಲು ಮಕ್ಕಳಿಗೆ ಹೆಣಿಗೆ ಕಲಿಸಿ ಎಂದು ನಾನು ಯಾವ ತಂದೆತಾಯಿಗೂ ಹೇಳುವುದಿಲ್ಲ. ಕಷಾಯದಂತೆ ಮೂಗು ಹಿಡಿದು ಕುಡಿಸಿದರೆ ಯಾವ ಹವ್ಯಾಸವೂ ಕಹಿಯೇ.

ಇನ್ನು ಮೂರನೆಯದು, ಮಗಳ ಸ್ವೆಟರು. ಪಿಯುಸಿ ಮುಗಿಸಿದ ಅವಳಿಗೆ ಹಿಮಾಚಲದ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ. ಈ ತಿಂಗಳ ೨೮ಕ್ಕೆ ರೈಲು. ನಮ್ಮೂರಿನ ಚಳಿಯನ್ನೇ ಚಳಿ ಎಂದುಕೊಂಡು ಬೆಳೆದ ಹುಡುಗಿ. ಹೊಸ ಉಲ್ಲನ್ ತರಲು ನಾನು ಪೇಟೆಗೆ ಹೊರಟಾಗ, ನಮ್ಮ ಜತೆಗೇ ಇರುವ ಅಮ್ಮ ಪೆಟ್ಟಿಗೆಯಿಂದ ಅಪ್ಪನ ಸ್ವೆಟರ್ ತೆಗೆದು ಮುಂದಿಟ್ಟಳು. ೧೯೮೪ರಲ್ಲಿ ಅಪ್ಪ ಕಚೇರಿ ಕೆಲಸದ ಮೇಲೆ ದೆಹಲಿಗೆ ಹೋದವರು ತಂದ ಉಣ್ಣೆ; ಕಡುಹಸಿರು, ಅಪ್ಪಟ ಕುರಿಯದು. ಈಗ ನಮ್ಮ ಅಂಗಡಿಗಳಲ್ಲಿ ಉಲ್ಲನ್ ಹೆಸರಿನಲ್ಲಿ ಸಿಗುವುದರಲ್ಲಿ ಬಹಳಷ್ಟು ಅಕ್ರಿಲಿಕ್. ಅಪ್ಪ ಹೋಗಿ ಇಪ್ಪತ್ತು ವರ್ಷ ದಾಟಿದೆ.

‘ಅಪ್ಪಂದಲ್ವೇನಮ್ಮ, ಹ್ಯಾಗೆ ಬಿಚ್ಚೋದು?’ ಎಂದೆ.

‘ಅವರಿದ್ದಾಗಲೇ ತೋಳು ಎರಡು ಸಲ ಬಿಚ್ಚಿ ಹಾಕಿದೀನಿ. ಮಗು ಅಲ್ಲಿ ನಡುಗ್ತಿದ್ರೆ ನೀನು ಇಲ್ಲಿ ಇದಕ್ಕೆ ನುಸಿಗುಳಿಗೆ ಹಾಕ್ತಾ ಕೂತಿರ್ತೀಯಾ?’

ಅಮ್ಮನ ಮಾತಿನಲ್ಲಿ ನ್ಯಾಯವಿತ್ತು. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ಎಂದು ನೂರಾರು ಎಳೆ. ಹೆಣಿಗೆಯಲ್ಲಿ ಒಂದೇ ಎಳೆ, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯಾಗಿ ಹೊರಬರುತ್ತ ಹೋಗುತ್ತದೆ. ಅದಕ್ಕೇ ಸ್ವೆಟರು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕತ್ತರಿಸಿ ಹೊಲಿದ ಅಂಗಿಯನ್ನು ಮತ್ತೆ ಥಾನು ಮಾಡಲು ಬಾರದು. ಸ್ವೆಟರನ್ನು ಮತ್ತೆ ಉಂಡೆ ಮಾಡಬಹುದು. ಆದರೂ ನಾನು ಒಂದು ವಾರ ಅದನ್ನು ಮುಟ್ಟಲಿಲ್ಲ. ಉಣ್ಣೆ ಉಳಿಯುತ್ತದೆ, ಸರಿ. ಅಮ್ಮನ ಕೈ ಉಳಿಯುತ್ತದೆಯೆ? ಎಂಬತ್ತೊಂದರ ಅವಳ ಬೆರಳುಗಳು ಸಂಧಿವಾತದಿಂದ ಸೆಟೆದಿವೆ. ಕಡ್ಡಿ ಹಿಡಿದು ವರ್ಷಗಳೇ ಆದವು. ಈ ಸ್ವೆಟರು ಬಿಚ್ಚಿದರೆ ಅವಳು ಹೆಣೆದದ್ದು ಎಂದು ಮನೆಯಲ್ಲಿ ಬೇರೊಂದಿಲ್ಲ.

ಕೊನೆಗೆ ಒಂದು ಭಾನುವಾರ ಅಮ್ಮನೇ ಚಿಕ್ಕ ಕತ್ತರಿ ತಂದು ಪಕ್ಕದ ಹೊಲಿಗೆಯ ದಾರ ಕತ್ತರಿಸಿದಳು. ಆಮೇಲೆ ಕುತ್ತಿಗೆಯಿಂದ ಶುರು. ಹೆಣಿಗೆ ಬಿಚ್ಚುವುದು ಮುಗಿಸಿದ ತುದಿಯಿಂದ. ಕಟ್ಟಕಡೆಗೆ ಹಾಕಿದ ಕುಣಿಕೆ ಎಲ್ಲಕ್ಕಿಂತ ಮೊದಲು ಬಿಚ್ಚಿಕೊಳ್ಳುತ್ತದೆ. ನಾನು ಎಳೆಯುತ್ತ ಹೋದೆ, ಮಗಳು ಕುರ್ಚಿಯ ಬೆನ್ನಿಗೆ ಲಡಿ ಸುತ್ತುತ್ತ ಹೋದಳು. ಉಣ್ಣೆ ಶ್ಯಾವಿಗೆಯ ಹಾಗೆ ಸುಕ್ಕುಸುಕ್ಕಾಗಿ ಬಂತು. ಬೆನ್ನಿನ ನಡುವೆ ಒಂದೆರಡು ಅಂಗುಲ ಕುಣಿಕೆಗಳು ತೀರ ಬಿಗಿ. ಅಮ್ಮ ಕನ್ನಡಕ ಏರಿಸಿ ನೋಡಿದಳು. ‘ಆಗ ನಿನ್ನ ತಮ್ಮನಿಗೆ ಟೈಫಾಯಿಡು. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತು ಹಾಕಿದ್ದು’ ಎಂದಳು. ನನಗಾಗ ಒಂಬತ್ತು ವರ್ಷ. ಪಕ್ಕದ ಮನೆಯಲ್ಲಿ ಊಟ ಮಾಡಿದ್ದಷ್ಟೇ ನೆನಪು. ಇನ್ನೂ ಕೆಳಗೆ ಬಂದಾಗ ಎಳೆಯ ಜತೆ ಉದ್ದನೆಯ ಕಪ್ಪು ಕೂದಲೊಂದು ಹೊರಬಂತು. ಅಮ್ಮ ನಕ್ಕಳು. ‘ನಂದೇ. ಆಗ ಸೊಂಟದವರೆಗೆ ಇತ್ತು.’ ಈಗ ಅವಳ ತಲೆಯಲ್ಲಿ ಒಂದೂ ಕಪ್ಪಿಲ್ಲ. ಮಗಳು ಅದನ್ನು ಎಸೆಯಲಿಲ್ಲ, ಲಡಿಯೊಳಗೇ ಸುತ್ತಿಬಿಟ್ಟಳು.

ಲಡಿಗಳನ್ನು ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ತೂಗುಹಾಕಿದೆವು. ಎರಡು ದಿನಕ್ಕೆ ಸುಕ್ಕು ಬಹುಪಾಲು ಇಳಿಯಿತು. ಕಂಕುಳಿನ ಭಾಗ ಬೆವರಿಗೆ, ತಿಕ್ಕಾಟಕ್ಕೆ ಕಂಬಳಿಯಂತೆ ಗಟ್ಟಿಯಾಗಿ ಅಂಟಿಕೊಂಡು ಬಿಚ್ಚಲು ಬರಲೇ ಇಲ್ಲ. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಬಿಚ್ಚುವ ಮುನ್ನ ೪೬೦ ಗ್ರಾಂ ಇದ್ದದ್ದು ೩೯೦ಕ್ಕೆ ಇಳಿದಿತ್ತು. ಅದೇ ಹಸಿರು ಇನ್ನೆಲ್ಲಿ ಸಿಗಬೇಕು? ಮುಂಗೈಯ ಅಂಚಿಗೂ ಕುತ್ತಿಗೆಗೂ ಕುಲಾವಿಯಲ್ಲಿ ಉಳಿದ ಹಳದಿಯನ್ನೇ ಎರಡೆಳೆ ಸೇರಿಸಿ ಹಾಕುವುದೆಂದು ಮಗಳು ತೀರ್ಮಾನ ಕೊಟ್ಟಳು.

ಲೆಕ್ಕ ನನ್ನದು. ಎಲಿಜಬೆತ್ ಜಿಮ್ಮರ್‌ಮನ್ (೧೯೧೦–೧೯೯೯) ಎಂಬ, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಹೆಣಿಗೆಗಾರ್ತಿ ಸ್ವೆಟರನ್ನು ಶೇಕಡಾ ಲೆಕ್ಕಕ್ಕೆ ಇಳಿಸಿದವರು. ಮೊದಲು ಅಂಗೈಯಗಲದ ಮಾದರಿ ಹೆಣೆದು ಅಳೆಯಬೇಕು. ನನ್ನ ಕೈಗೆ ೧೦ ಸೆಂಟಿಮೀಟರಿಗೆ ೨೦ ಕುಣಿಕೆ ಬಂತು. ಎದೆಯ ಸುತ್ತಳತೆ ೯೦ ಸೆಂಟಿಮೀಟರ್ ಬೇಕು, ಎಂದರೆ ೧೮೦ ಕುಣಿಕೆ. ಇದೇ ನೂರು ಪಾಲು. ಮುಂಗೈಗೆ ಅದರ ಶೇಕಡಾ ೨೦, ಅಂದರೆ ೩೬. ತೋಳಿನ ಮೇಲ್ಭಾಗಕ್ಕೆ ಮೂರರಲ್ಲೊಂದು ಪಾಲು, ೬೦. ಕುತ್ತಿಗೆಗೆ ಶೇಕಡಾ ೪೦, ೭೨. ಮಾದರಿ ಅಳೆಯದೆ ಶುರುಮಾಡಿ ೧೦ ಸೆಂಟಿಮೀಟರಿಗೆ ೨೧ ಬಂತೆನ್ನಿ. ಒಂದೇ ಕುಣಿಕೆಯ ವ್ಯತ್ಯಾಸಕ್ಕೆ ಅದೇ ಸ್ವೆಟರು ಎದೆಯಲ್ಲಿ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಬಿಗಿಯಾಗುತ್ತದೆ. ಶೇಕಡಾವಾರು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ಏಳನೇ ತರಗತಿಯವರು ಬೇಕಾದರೆ ಈ ಭಾಗಾಕಾರ ಮಾಡಿ ನೋಡಬಹುದು.

ಮೈಯ ಭಾಗ ಕಂಕುಳವರೆಗೆ ೧೧೨ ಸುತ್ತು, ೨೦,೧೬೦ ಕುಣಿಕೆ. ಅದು ಮುಗಿದಿದೆ. ಬಲತೋಳೂ ಮುಗಿದಿದೆ. ಎಡತೋಳು ೪೪ಕ್ಕೆ ಬಂದು ನಿಂತಿದೆ. ಮೊನ್ನೆ ರಾತ್ರಿ ಮಗಳು ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಗೆ ಏನೇನೋ ತುಂಬುತ್ತಿದ್ದಳು. ಅಮ್ಮ ನನ್ನ ತೊಡೆಯ ಮೇಲಿದ್ದ ಎಡತೋಳನ್ನು ಎತ್ತಿಕೊಂಡು, ಸೆಟೆದ ಬೆರಳಿನಿಂದಲೇ ಸವರುತ್ತ ಬಂದು ಒಂದು ಕಡೆ ನಿಲ್ಲಿಸಿದಳು.

‘ಇಲ್ಲಿಂದ ಬಿಗಿಯಾಗಿದೆ ನೋಡು. ಕಡ್ಡಿ ಬದಲಾಯಿಸಿಕೋ.’

ಎಂಟನೇ ನಂಬರಿನ ಕಡ್ಡಿ ಎತ್ತಿಟ್ಟು, ಒಂದು ಅಳತೆ ದಪ್ಪನೆಯ ಏಳನೇ ನಂಬರಿಗೆ ಕುಣಿಕೆಗಳನ್ನು ದಾಟಿಸಿಕೊಂಡಿದ್ದೇನೆ. ೪೪ರಿಂದ ೬೦ಕ್ಕೆ ಏರಲು ಹತ್ತು ಸುತ್ತಿಗೊಮ್ಮೆ ಎರಡರಂತೆ ಇನ್ನೂ ಎಂಟು ಸಲ ಹೆಚ್ಚಿಸಬೇಕು, ಸುಮಾರು ೮೦ ಸುತ್ತು. ಆಮೇಲೆ ಮೈಯನ್ನೂ ಎರಡು ತೋಳುಗಳನ್ನೂ ಒಂದೇ ಕಡ್ಡಿಗೆ ಕೂಡಿಸಿ, ಭುಜದತ್ತ ಕಡಿಮೆ ಮಾಡುತ್ತ ೭೨ಕ್ಕೆ ತರಬೇಕು. ಇನ್ನು ಹನ್ನೊಂದು ದಿನ ಇದೆ. ಮಾವನವರ ಮಫ್ಲರು ಕಾಯುತ್ತದೆ.