ಕಂಪ್ಯೂಟರಿನ ಗಡಿಯಾರ ಹಿಂದ ಬಿದ್ರ

ಬಾಜೂ ಮನಿ ಹುಡುಗಿಗೆ ಕಾಲೇಜಿನ ಅರ್ಜಿ ತುಂಬಲಿಕ್ಕೆ ಅವತ್ತ ಕಡೀ ದಿನ, ಸಂಜಿ 5ರ ತನಕ ಅಷ್ಟ. ಅವರ ಮನ್ಯಾಗ ಕಂಪ್ಯೂಟರ್ ಇಲ್ಲ, ಮೂರಕ್ಕ ಬಂದು ನಮ್ಮ ಹಳೇದ ಹಚ್ಚಿದ್ಲು. ಅರ್ಜಿ ಪೇಜ್ ತೆರೀಲೇ ಇಲ್ಲ. "ಕಾಕು, ನಿಮ್ಮ ಗಡಿಯಾರ ಹಿಂದ ಬಿದ್ದದ ಅಂತ ತೋರಸ್ಲಿಕತ್ತದ ನೋಡ್ರಿ" ಅಂದ್ಲು. ಮೂಲ್ಯಾಗ ನೋಡಿದ್ರ 2015ರ ಜನವರಿ!

ಮಧ್ಯಾಹ್ನ ಕರೆಂಟ್ ಹೋಗಿ ಬಂದಿತ್ತು. ಕರೆಂಟ್ ಇಲ್ಲದಾಗ ಗಡಿಯಾರ ನಡಸೂದು ಒಳಗಿನ ಬಿಲ್ಲೆಯಂಥಾ ಸೆಲ್. ಅದು ಸತ್ರ ತಾರೀಖು ಹಿಂದಕ್ಕ ಓಡತದ. ಅದಕ್ಕೂ ಅರ್ಜಿಗೂ ಏನು ಸಂಬಂಧ ಅಂತೀರಿ? ಪ್ರತಿ ವೆಬ್‌ಸೈಟಿಗೂ ಇಂಥಾ ದಿನದಿಂದ ಇಂಥಾ ದಿನದ ತನಕ ಅಂತ ಸರ್ಟಿಫಿಕೇಟ್ ಇರತದ. 2015ರ ಲೆಕ್ಕಕ್ಕ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಅದಕ್ಕ ಒಳಗ ಬಿಡಂಗಿಲ್ಲ.

ಸೆಟ್ಟಿಂಗಿನಾಗ 'ಸಿಂಕ್ ನೌ' ಒತ್ತಿದ್ಲು. ಅದು ವಿಂಡೋಸಿನ ಟೈಮ್ ಸರ್ವರಿಗೆ ಹೊತ್ತೆಷ್ಟು ಅಂತ ಕೇಳತದ. ಉತ್ತರ ಇಲ್ಲ. ನಮ್ಮ ದೇಶದ ಹೊತ್ತು ಕಾಯೋ ದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸರ್ವರ್ ಹೆಸರು ಹಾಕಿದ್ವಿ. ಅದೂ ಗಪ್. ಹುಡುಗಿ ಕಣ್ಣಾಗ ನೀರು.

"ಇನ್ನ ಉತ್ತರ ಕಾಯಬ್ಯಾಡವಾ, ಮೊಬೈಲ್ ನೋಡಿ ಕೈಲೇ ಹಾಕು" ಅಂದೆ. ಮೊದಲ ಟೈಮ್ ಝೋನ್ ನೋಡ್ಬೇಕು, +5:30 ಇರಬೇಕು. ಅಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ದಿಲ್ಲಿ ಅಂತ ಬರದಾರ, ನಮ್ಮ ಕಡೀದು ಒಂದೂರಿನ ಹೆಸರಿಲ್ಲ! ಆಮ್ಯಾಲೆ ವರ್ಷ, ತಾರೀಖು, ಎಎಂ-ಪಿಎಂ. ಬ್ರೌಸರ್ ಮುಚ್ಚಿ ತೆಗದ್ರ ಪೇಜ್ ಬಂತು. 4.20ಕ್ಕ ಅರ್ಜಿ ಹೋತು.

ಚಹಾ ಕುಡಕೋತ ವಿಚಾರ ಮಾಡಿದ್ವಿ. ಎರಡೂ ಸರ್ವರ್ ಒಮ್ಮೆಲೇ ಬಾಯಿ ಮುಚಕೊಂಡಾವಂದ್ರ ದಾರ್ಯಾಗ ಯಾರೋ ತಡದಿರಬೇಕು. ಮನೀ ವೈಫೈ ಬಿಟ್ಟು ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಸಿಂಕ್ ಒತ್ತಿದ್ರ ಒಂದ ಸಲಕ್ಕ ಆತು! ಈ ಹೊತ್ತಿನ ಮಾತುಕತಿ ನಡಿಯೂದು ಯುಡಿಪಿ 123 ಅನ್ನೋ ಬಾಗಲಿಂದ. ನಮ್ಮ ರೌಟರಿನ ಫೈರ್‌ವಾಲ್ ಆ ಬಾಗಲಾ ಒಂದ ಮುಚ್ಚಿತ್ತು. ಬಾಕಿ ಇಂಟರ್ನೆಟ್ ಎಲ್ಲಾ ಛಂದ ನಡೀತಿರತದ, ಹಂಗಾಗಿ ಯಾರಿಗೂ ಸಂಶಯ ಬರಂಗಿಲ್ಲ. ಮರುದಿನ ಕೇಬಲಿನ ಹುಡುಗ ಬಂದು ತೆಗದು ಕೊಟ್ಟ.

ಇನ್ನೊಂದು. ಫರಕ್ 15 ತಾಸಿಗಿಂತ ಹೆಚ್ಚಿದ್ರ ಮನೀ ಕಂಪ್ಯೂಟರಿನ ವಿಂಡೋಸ್ ಸರ್ವರ್ ಹೇಳಿದ್ರೂ ನಂಬಂಗಿಲ್ಲ. ತಾರೀಖು ಕೈಲೇ ಸರಿ ಮಾಡಿನ ಸಿಂಕ್ ಒತ್ರಿ.

ಸೆಲ್ಲಿನ ಹೆಸರು ಸಿಆರ್ 2032, ಗಡಿಯಾರದ ಅಂಗಡ್ಯಾಗ ಸಿಗತದ. ಪ್ಲಗ್ ತೆಗದು ಹಾಕ್ರಿ. ಹಳೇದನ್ನ ಮಾತ್ರ ಸಣ್ಣ ಹುಡುಗರ ಕೈಗೆ ಸಿಗಧಂಗ ಇಡ್ರಿ, ನುಂಗಿದ್ರ ಗಂಟಲು ಒಳಗ ಸುಡತದ.