ಕಟ್ಟಿಸಿದವರೂ ನಮ್ಮೂರವರೇ

ಆ್ಯಪ್ ಮುಚ್ಚಿದ ಸುದ್ದಿ ನಮಗೆ ಠಾಣೆಯಿಂದ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಇಬ್ಬರು ಮಾತು ಬಿಟ್ಟಿರುತ್ತಾರೆ. ಹೆಣ್ಣುಮಗಳೊಬ್ಬರು ಸಂಘದ ಸಭೆಗೆ ಬರುವುದನ್ನೇ ನಿಲ್ಲಿಸಿರುತ್ತಾರೆ. ಡೈರಿಗೆ ಹಾಲು ಹಾಕಿದವರು ಯಾರ ಮುಖವನ್ನೂ ನೋಡದೆ ಮನೆ ಕಡೆ ನಡೆಯುತ್ತಾರೆ. ವಿಚಾರಿಸುತ್ತಾ ಹೋದರೆ ಕೊನೆಗೆ ಒಂದೇ ಕಾರಣ ಸಿಗುತ್ತದೆ: ಮೊಬೈಲಿನಲ್ಲಿ ದುಡ್ಡು ಕಟ್ಟಿದ್ದರು, ಅದು ಹೋಯಿತು.

ಅರೆಕಾಲಿಕ ವರದಿಗಾರರಾಗಿ ನಾವು ತಿರುಗುವ ಹೋಬಳಿಗಳಲ್ಲಿ ಇದು ಈಗ ಬರಗಾಲದಷ್ಟೇ ಮಾಮೂಲಿ ಸುದ್ದಿ. ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಸರ್ವೆ ತುಂಬಿದರೆ ದುಡ್ಡು, ಒಮ್ಮೆ ಲೈಕ್ ಒತ್ತಿದರೆ ದುಡ್ಡು, ಇನ್ನೊಮ್ಮೆ ಜಾಹೀರಾತು ನೋಡಿದರೆ ದುಡ್ಡು. ಒಳಗಿನ ವ್ಯವಹಾರ ಒಂದೇ. ಮೊದಲು ಸೇರುವ ಶುಲ್ಕ ಕಟ್ಟಬೇಕು, ಆಮೇಲೆ ಕೆಳಗೆ ಜನರನ್ನು ಸೇರಿಸಬೇಕು. ಹೊಸಬರು ಕಟ್ಟಿದ್ದನ್ನೇ ಹಳಬರಿಗೆ ‘ಸಂಪಾದನೆ’ ಎಂದು ಕೊಡುತ್ತಾರೆ.

2011ರಲ್ಲಿ ಸ್ಪೀಕ್ ಏಷ್ಯಾ ಎಂಬ ಸಿಂಗಪುರದ ಕಂಪನಿ ಹೀಗೆಯೇ ಸುದ್ದಿಯಾಯಿತು. 11,000 ರೂಪಾಯಿ ಕಟ್ಟಿ, ವಾರಕ್ಕೆರಡು ಸರ್ವೆ ತುಂಬಿದರೆ ಹಣ ಬರುತ್ತದೆ ಎಂದಿತ್ತು. ದೇಶದಾದ್ಯಂತ ಲಕ್ಷಾಂತರ ಜನ ಸೇರಿದ್ದರು. 2017ರ ಫೆಬ್ರುವರಿಯಲ್ಲಿ ನೋಯ್ಡಾದ ‘ಸೋಷಿಯಲ್ ಟ್ರೇಡ್’ ಸಿಕ್ಕಿಬಿತ್ತು. ಅಲ್ಲಿ ಒಂದು ಕ್ಲಿಕ್ಕಿಗೆ ಐದು ರೂಪಾಯಿ. ಆರು ಲಕ್ಷಕ್ಕೂ ಹೆಚ್ಚು ಜನರಿಂದ ಸುಮಾರು 3,700 ಕೋಟಿ ರೂಪಾಯಿ ಕಟ್ಟಿಸಿಕೊಂಡ ಆರೋಪ ಅದರ ಮೇಲಿತ್ತು.

ಇಂಥ ಯೋಜನೆ ಯಾಕೆ ಮುಳುಗುತ್ತದೆ ಎಂದು ತಿಳಿಯಲು ಮಗ್ಗಿ ಸಾಕು. ಒಬ್ಬರು ಐವರನ್ನು ಸೇರಿಸಬೇಕು ಎಂದಿಟ್ಟುಕೊಳ್ಳಿ. ಐದು, 25, 125, 625 ಎಂದು ಸಾಲು ಬೆಳೆಯುತ್ತದೆ. ಹನ್ನೊಂದನೇ ಸಾಲಿಗೆ ಬಂದಾಗ ಎಲ್ಲ ಸಾಲೂ ಸೇರಿ 6 ಕೋಟಿ 10 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಇದ್ದವರೇ ಸುಮಾರು 6 ಕೋಟಿ 11 ಲಕ್ಷ. ತೊಟ್ಟಿಲ ಕೂಸೂ ಸೇರಿ ಲೆಕ್ಕ ಅಲ್ಲಿಗೆ ಮುಗಿಯಿತು. ಯಾವ ಸಾಲಿನಲ್ಲಿ ನಿಂತರೂ ನೂರಕ್ಕೆ 80 ಜನ ಕೊನೆಯ ಸಾಲಿನಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ.

ನಮ್ಮ ತಾಲ್ಲೂಕಿನ ಒಂದು ಊರಿನಲ್ಲಿ ಆ ಕೊನೆಯ ಸಾಲನ್ನು ಕಣ್ಣಾರೆ ಕಂಡೆವು. ಅಲ್ಲಿ ಸೇರಿಸಿದ್ದು ಪಟ್ಟಣದಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಅವನಿಗೆ ಮೊದಲ ಎರಡು ತಿಂಗಳು ನಿಜವಾಗಿಯೂ ದುಡ್ಡು ಬಂದಿತ್ತು. ಅದನ್ನು ತೋರಿಸಿ ತನ್ನ ಚಿಕ್ಕಮ್ಮನನ್ನು ಸೇರಿಸಿದ. ಆಕೆ ಸ್ವಸಹಾಯ ಸಂಘದ ಪ್ರತಿನಿಧಿ. ಸಂಘದಲ್ಲಿ ಸಾಲ ಎತ್ತಿ 36,000 ಕಟ್ಟಿದರು. ಅವರನ್ನು ನಂಬಿ ಇನ್ನೂ ಹನ್ನೊಂದು ಹೆಂಗಸರು ಕಟ್ಟಿದರು. ಆ್ಯಪ್ ಮುಚ್ಚಿದ ಮೇಲೂ ಸಂಘದ ವಾರದ ಕಂತು ನಿಲ್ಲಲಿಲ್ಲ.

ದೂರು ಕೊಡಿ ಎಂದಾಗ ಅವರು ನಮ್ಮನ್ನೇ ಕೇಳಿದರು: “ಅಕ್ಕನ ಮಗನ ಮೇಲೆ ಹೆಂಗೆ ಬರ್ಕೊಡ್ಲಿ ಸಾರ್? ನನ್ನ ಕೆಳಗೆ ಹನ್ನೊಂದು ಜನ ಅವ್ರೆ. ಅವರು ನನ್ನ ಮೇಲೆ ಬರ್ಕೊಟ್ರೆ?”

ಈ ಪ್ರಶ್ನೆಯೇ ಹಳ್ಳಿಗಳಲ್ಲಿ ದೂರುಗಳನ್ನು ತಡೆದು ನಿಲ್ಲಿಸಿರುವುದು. ದೂರದ ಕಂಪನಿಗೆ ನಮ್ಮೂರಿನ ನೆಂಟಸ್ತಿಕೆಯೇ ಬೇಲಿ. ಅವರ ಭಯ ಸುಳ್ಳೂ ಅಲ್ಲ. 1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆಯ 3ನೇ ಕಲಂ ಇಂಥ ಯೋಜನೆ ನಡೆಸುವುದರ ಜೊತೆಗೆ ಅದಕ್ಕೆ ಸದಸ್ಯರಾಗುವುದನ್ನೂ ನಿಷೇಧಿಸಿದೆ. ಆದರೆ ಆ ಭಯಕ್ಕೆ ಬಚ್ಚಿಟ್ಟುಕೊಳ್ಳುವುದು ಮದ್ದಲ್ಲ. ಯಾರು ಎಷ್ಟು ಕಟ್ಟಿದರು, ಯಾವ ಖಾತೆಗೆ ಹಾಕಿದರು, ಯಾರು ಹೇಳಿ ಹಾಕಿಸಿದರು ಎಂಬ ಪೂರ್ತಿ ವಿವರ ಇರುವುದು ನಡುವೆ ನಿಂತವರ ಹತ್ತಿರವೇ. ಅವರು ತಾವಾಗಿ ಬಂದು ಹೇಳಿದರೆ ತನಿಖೆಗೆ ದಾರಿ ಸಿಗುತ್ತದೆ. ಕೆಳಗಿನವರು ಮೊದಲು ಹೋದರೆ ದೂರಿನಲ್ಲಿ ಮೊದಲು ಬರುವ ಹೆಸರೇ ಅವರದು. ತಾನು ಎಷ್ಟು ಕಟ್ಟಿದೆ, ಎಷ್ಟು ಬಂತು, ಯಾರನ್ನು ಸೇರಿಸಿದೆ, ಕಮಿಷನ್ ಎಷ್ಟು ಸಿಕ್ಕಿತು, ಎಲ್ಲವನ್ನೂ ಮುಚ್ಚಿಡದೆ ಬರೆಯುವುದೇ ಅವರಿಗಿರುವ ರಕ್ಷಣೆ. ಹೆಚ್ಚು ಜನರನ್ನು ಸೇರಿಸಿದ್ದರೆ ವಕೀಲರನ್ನು ಕೇಳಿ ಬರೆಯುವುದು ಇನ್ನೂ ಒಳ್ಳೆಯದು.

ಇನ್ನೊಂದು ಮಾತು ಎಲ್ಲ ಊರಲ್ಲೂ ಕೇಳುತ್ತೇವೆ: “ಕೇಸ್ ಹಾಕಿದ್ರೆ ಕಂಪನಿ ಮುಚ್ಚೋಗುತ್ತೆ, ದುಡ್ಡು ಬರಲ್ಲ.” ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಲಿನವರು ಹೇಳಿಕೊಡುವ ಪಾಠ ಇದು. ಸ್ಪೀಕ್ ಏಷ್ಯಾ ಸದಸ್ಯರಲ್ಲೂ ಬಹಳ ಮಂದಿ ಕಂಪನಿ ಮತ್ತೆ ಶುರುವಾಗಲಿ ಎಂದೇ ಹೋರಾಡಿದರು. ಸದಸ್ಯರು ಸುಪ್ರೀಂ ಕೋರ್ಟಿಗೂ ಹೋದರು. ನ್ಯಾಯಾಲಯ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರನ್ನು ಮಧ್ಯಸ್ಥಿಕೆಗೆ ನೇಮಿಸಿತು. ಅದರ ಹಿಂದಿದ್ದವನೆಂಬ ಆರೋಪ ಹೊತ್ತವನನ್ನು ಪೊಲೀಸರು ಹಿಡಿದದ್ದು 2013ರಲ್ಲಿ. ನಾವು ಕಾಯುವ ಪ್ರತಿ ದಿನವೂ ಹಣ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಓಡುತ್ತಿರುತ್ತದೆ.

ಹಾಗಾದರೆ ಏನು ಮಾಡಬೇಕು? ಆ ಊರಿನವರು ಮಾಡಿದ್ದನ್ನೇ ಹೇಳುತ್ತೇವೆ. ಒಂದು ಭಾನುವಾರ ಸಮುದಾಯ ಭವನದಲ್ಲಿ ಕೂತರು. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು, ಮೊತ್ತ, ಹಣ ಹೋದ ಯುಪಿಐ ಐಡಿ ಅಥವಾ ಖಾತೆ ನಂಬರ್, 12 ಅಂಕಿಯ ವಹಿವಾಟು ಸಂಖ್ಯೆ ಬರೆದರು. ಬ್ಯಾಂಕಿನಿಂದ ಸೀಲು ಹಾಕಿದ ಸ್ಟೇಟ್‌ಮೆಂಟ್ ತಂದರು. ಸಿಟ್ಟಿನಲ್ಲಿ ಗುಂಪಿನಿಂದ ಹೊರಬಂದವರ ಹತ್ತಿರ ಏನೂ ಉಳಿದಿರಲಿಲ್ಲ. ಗುಂಪಿನಲ್ಲಿ ಉಳಿದವರು ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟರು. ಫೋನ್ ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ ಎಂದು ಎಲ್ಲರಿಗೂ ಹೇಳಿದರು.

ಹಣ ಹೋಗಿ ಒಂದೆರಡು ದಿನವಷ್ಟೇ ಆಗಿದ್ದರೆ ಮೊದಲು 1930ಕ್ಕೆ ಕರೆ ಮಾಡಿ. ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಸುವ ಅವಕಾಶ ಇರುತ್ತದೆ. ತಿಂಗಳುಗಳಾಗಿದ್ದರೂ ದೂರು ಕೊಡಿ. ಜಿಲ್ಲಾ ಕೇಂದ್ರದ ಸೆನ್ ಠಾಣೆಯಲ್ಲಿ ಸೈಬರ್ ಮತ್ತು ಆರ್ಥಿಕ ಅಪರಾಧಗಳ ದೂರು ಪಡೆಯುತ್ತಾರೆ. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಹೇಳಿ ಕಳಿಸುವಂತಿಲ್ಲ. 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿ ದಾಖಲಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸದಿದ್ದರೆ ದೂರನ್ನು ಅಂಚೆಯಲ್ಲಿ ಎಸ್.ಪಿ. ಅವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಈಗ ಎಲ್ಲರೂ ಕೇಳುವ ಪ್ರಶ್ನೆ: ದುಡ್ಡು ವಾಪಸ್ ಬರುತ್ತಾ? ಪೂರ್ತಿ ಬರುತ್ತದೆ ಎಂದು ಹೇಳುವವರನ್ನು ನಂಬಬೇಡಿ. ನಮ್ಮ ರಾಜ್ಯದಲ್ಲಿ ಠೇವಣಿದಾರರ ಹಿತರಕ್ಷಣೆಗೆ 2004ರ ಕಾಯ್ದೆ ಇದೆ. ಅದರಡಿ ಸರ್ಕಾರ ಸಕ್ಷಮ ಪ್ರಾಧಿಕಾರ ನೇಮಿಸುತ್ತದೆ, ಆಸ್ತಿ ಜಪ್ತಿಯಾಗುತ್ತದೆ, ವಿಶೇಷ ನ್ಯಾಯಾಲಯ ಒಪ್ಪಿದ ಮೇಲೆ ಹಂಚಿಕೆ. ಬೆಂಗಳೂರಿನ ಐಎಂಎ ಪ್ರಕರಣ ಆ್ಯಪ್ ವ್ಯವಹಾರವಲ್ಲ, ಆದರೆ ಮರುಪಾವತಿಯ ದಾರಿ ಇದೇ. ಕಂಪನಿ ಕುಸಿದದ್ದು 2019ರ ಜೂನಿನಲ್ಲಿ, ಹೂಡಿಕೆದಾರರಿಂದ ಅರ್ಜಿ ಕರೆದದ್ದು 2020ರ ಕೊನೆಗೆ. ಹಂಚಿಕೆಯ ದಿನ ಬಂದಾಗ ಪಟ್ಟಿಯಲ್ಲಿ ಹೆಸರಿದ್ದು, ಕೈಯಲ್ಲಿ ದಾಖಲೆ ಇದ್ದವರಿಗಷ್ಟೇ ಪಾಲು. ನಾಚಿಕೆಪಟ್ಟು ಮನೆಯಲ್ಲಿ ಕೂತವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ದುಡ್ಡು ಪಡೆದವನ ಮೇಲೆ ಸಿವಿಲ್ ದಾವೆ ಹೂಡುವುದಾದರೂ ಸಾಮಾನ್ಯವಾಗಿ ಮೂರು ವರ್ಷದೊಳಗೆ ಹೂಡಬೇಕು.

ಇನ್ನೊಂದು ಎಚ್ಚರ. ಆ್ಯಪ್ ಮುಚ್ಚಿದ ಕೆಲವೇ ವಾರಗಳಲ್ಲಿ ‘ರೀಫಂಡ್ ಕೊಡಿಸುತ್ತೇವೆ’ ಎಂಬ ಕರೆ ಬರುತ್ತದೆ. ಮೊದಲು ತೆರಿಗೆ ಕಟ್ಟಿ, ಫೈಲಿಂಗ್ ಫೀಸು ಕಟ್ಟಿ ಎನ್ನುತ್ತಾರೆ. ಮೊದಲು ದೋಚಿದವರಿಂದಲೇ ನಿಮ್ಮ ನಂಬರ್ ಅವರಿಗೆ ಹೋಗಿರಬಹುದು. ನಿಮ್ಮ ಹಣ ವಾಪಸ್ ಕೊಡಲು ಯಾವ ಪೊಲೀಸರೂ ಯಾವ ಕೋರ್ಟೂ ಫೋನ್‌ಪೇಯಲ್ಲಿ ಮುಂಗಡ ಕೇಳುವುದಿಲ್ಲ. ಆ ಊರಿನಲ್ಲಿ ಇಬ್ಬರು ಹೀಗೆ ಎರಡನೇ ಸಲವೂ ಕಳೆದುಕೊಂಡರು.

ಆ ಭಾನುವಾರದ ಸಭೆಯಲ್ಲಿ ಬಹಳ ಹೊತ್ತು ಯಾರೂ ಪೆನ್ನು ಮುಟ್ಟಿರಲಿಲ್ಲ. ಕೊನೆಗೆ ಸಂಘದ ಆ ಹೆಣ್ಣುಮಗಳೇ ಎದ್ದು, ತನ್ನ 36,000ದ ಜೊತೆಗೆ ತನಗೆ ಸಿಕ್ಕ 4,400 ರೂಪಾಯಿ ಕಮಿಷನ್ನನ್ನೂ ಬರೆಸಿ ಮೊದಲ ಸಹಿ ಹಾಕಿದರು. ಎರಡನೇ ಸಹಿ ಅಕ್ಕನ ಮಗನದು. ಅವನ ಫೋನಿನಲ್ಲಿ ಮೇಲಿನವರ ಮೂರು ಖಾತೆ ನಂಬರ್ ಇದ್ದವು. ದೂರಿಗೆ ಅವೇ ಆಧಾರವಾದವು. ಸಂಜೆಯೊಳಗೆ 27 ಸಹಿ ಬಿತ್ತು.

ಎಫ್‌ಐಆರ್ ಆಗಿದೆ. ಹಣ ಇನ್ನೂ ಬಂದಿಲ್ಲ. ಸಂಘದ ಕಂತನ್ನು ಹನ್ನೆರಡು ಮನೆಯವರೂ ಕೂಲಿ ಮಾಡಿ ಕಟ್ಟುತ್ತಿದ್ದಾರೆ. ಆ ನೋಟ್‌ಬುಕ್ ಈಗ ಪಕ್ಕದ ಊರಿಗೆ ಹೋಗಿದೆ, ಅಲ್ಲಿಯವರು ಅದೇ ಮಾದರಿಯಲ್ಲಿ ಬರೆಯುತ್ತಿದ್ದಾರೆ. ನಿಮ್ಮೂರಲ್ಲೂ ಇಂಥದ್ದಾಗಿದ್ದರೆ ಈ ವಾರವೇ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತೆಗೆಸಿ. ಉಳಿದದ್ದು ಅಲ್ಲಿಂದ ಶುರುವಾಗುತ್ತದೆ.